ಬಳೆಗಾರ್ತಿಯ ಗದ್ದ

"ಗುರುಗಳೇ, ತಮ್ಮ ಮುಂದೆ ಬಂದು ಕೂರುವ ಮೊದಲು ಮನಸ್ಸಿನ ಹೊಟ್ಟೆಕಿಚ್ಚನ್ನೆಲ್ಲ ತೆಗೆದುಹಾಕಿಯೇ ಬರುತ್ತೇನೆ. ಎದ್ದು ಹೋದ ಮೇಲೆ ಅದು ಮತ್ತೆ ಹುಟ್ಟುತ್ತದೆ. ತಮ್ಮ ಮಾತು ನನಗೇಕೆ ನಾಟುವುದಿಲ್ಲ?" ಎಂದು ಶಿಷ್ಯ ಕೇಳಿದ. ಮಠದಲ್ಲಿ ಅವನಷ್ಟು ವಿನಯವಂತ ಇನ್ನೊಬ್ಬನಿಲ್ಲ ಎಂದು ಹೆಸರಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬಳೆಗಾರ್ತಿಯಿದ್ದಳು. ಎಂಥ ಬಿಗಿ ಬಳೆಯನ್ನೂ ನೋವಾಗದಂತೆ ತೊಡಿಸುತ್ತಿದ್ದಳು. ಊರಿನ ಮದುಮಗಳು ಯಾರೇ ಆಗಲಿ, ಬಳೆ ತೊಡಿಸಲು ಅವಳೇ ಆಗಬೇಕು. ಆದರೆ ಅವಳ ಗದ್ದದ ಮೇಲೆ ಗಂಡಸರಿಗೆ ಬರುವಂತೆ ಕಪ್ಪು ಕೂದಲು ಬರುತ್ತಿತ್ತು. ಬಳೆ ತೊಡಿಸುವುದೆಂದರೆ ಮುಖಕ್ಕೆ ಮುಖ ಕೊಟ್ಟು ಕೂರುವ ಕೆಲಸ. ಹಾಗಾಗಿ ದಿನಾ ಬೆಳಿಗ್ಗೆ ಕದ ಹಾಕಿಕೊಂಡು ಚಿಮಟದಿಂದ ಕೂದಲು ಕೀಳುತ್ತಿದ್ದಳು. ಸಾಲದೆಂದು ಗದ್ದದ ಮೇಲೆ ಸೆರಗನ್ನೂ ಎಳೆದುಕೊಳ್ಳುತ್ತಿದ್ದಳು. ಇವತ್ತು ಒಂದು ಕಿತ್ತರೆ ನಾಳೆ ಪಕ್ಕದಲ್ಲೇ ಇನ್ನೊಂದು ಹಾಜರಾಗುತ್ತಿತ್ತು.

ಅವಳಿಗೆ ಸಾಕಾಯಿತು. ಜನ್ಮವಿಡೀ ಸೆರಗಿನ ಮರೆಯಲ್ಲಿ ಬದುಕಲಾರೆ ಎಂದು ನಿಶ್ಚಯಿಸಿ ಚರ್ಮದ ಡಾಕ್ಟರಮ್ಮನ ಬಳಿ ಹೋದಳು. ಲೇಸರ್ ಬೆಳಕು ಹಾಯಿಸಿ ಕೂದಲು ಕಡಿಮೆ ಮಾಡಬಹುದು ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ಅದಕ್ಕೆ ಮೊದಲು ಮುಖವನ್ನು ಬಿಸಿಲಿಗೆ ಒಡ್ಡಬಾರದು, ಬೆಳ್ಳಗಾಗುವ ಮುಲಾಮು ಹಚ್ಚಬಾರದು, ಕೂದಲನ್ನಂತೂ ಕೀಳಲೇಬಾರದು, ಬೇಕಾದರೆ ಬ್ಲೇಡಿನಿಂದ ಮೇಲೆ ಮೇಲೆ ತೆಗೆಯಬಹುದು ಎಂದರು. ಬ್ಲೇಡು ತಾಗಿದರೆ ಗಡ್ಡವೇ ಬೆಳೆಯುತ್ತದೆ ಎಂದು ನಂಬಿದ್ದ ಬಳೆಗಾರ್ತಿ ಆ ಒಂದು ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದದ್ದನ್ನೆಲ್ಲ ವ್ರತದಂತೆ ನಡೆಸಿದಳು.

ಹೋಗುವ ದಿನ ಬಂತು. ಅವಳು ಕನ್ನಡಿ ನೋಡಿಕೊಂಡಳು. ಇಂಥ ಮುಖ ಹೊತ್ತು ಓದಿದವರ ಎದುರು ಕೂರುವುದು ಹೇಗೆ ಎಂದು ಜೀವ ಹಿಡಿಯಷ್ಟಾಯಿತು. ನೆಂಟರು ಬರುತ್ತಾರೆಂದರೆ ಮನೆ ಗುಡಿಸುವುದು ಅವಳ ಕೈಗೆ ಅಂಟಿದ ಗುಣ. ಚಿಮಟ ಹಿಡಿದು ಒಂದೂ ಬಿಡದೆ ಕಿತ್ತಳು, ಮುಖ ತೊಳೆದು ಹೊರಟಳು.

ಡಾಕ್ಟರಮ್ಮ ಗದ್ದದ ಮೇಲೆ ಬೆರಳಾಡಿಸಿ ಲೇಸರ್ ಯಂತ್ರವನ್ನು ಆರಿಸಿಬಿಟ್ಟರು.

"ಕೂದಲು ಇದ್ರೆ ಅದನ್ನ ಹಿಡ್ಕೊಂಡು ಬೆಳಕು ಬುಡಕ್ಕೆ ಇಳಿಯುತ್ತಮ್ಮಾ. ನೀವು ಕೂದಲು ಕಿತ್ತು, ಬುಡ ಉಳಿಸ್ಕೊಂಡು ಬಂದಿದೀರ. ಬೆಳಕಿಗೆ ದಾರಿ ಎಲ್ಲಿದೆ?"

ಬಳೆಗಾರ್ತಿ ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದವಳೇ ಚಿಮಟವನ್ನು ಹಿತ್ತಲ ಬಾವಿಗೆ ಎಸೆದಳು. ಆಗಿದ್ದಾಗಲಿ, ಇನ್ನು ಕೀಳುವುದಿಲ್ಲ ಎಂದಳು. ಕೂದಲು ಬೆಳೆಯಿತು. ಅಂಗಡಿಗೆ ಒಬ್ಬಳು ಮದುಮಗಳು ಬಂದಳು. ಬಳೆ ಬಿಗಿ, ಎರಡೂ ಕೈ ಬೇಕು. ಸೆರಗು ಜಾರಿತು. ಮದುಮಗಳು ತಲೆ ಎತ್ತಿ ನೋಡಿಯೇಬಿಟ್ಟಳು. ಬಳೆಗಾರ್ತಿಯ ಕೈ ಸೆರಗಿನ ಕಡೆ ಹೋಯಿತು. ಅವಳು ಅದನ್ನು ಅರ್ಧದಲ್ಲೇ ತಡೆದಳು.

"ನೋಡವ್ವಾ, ಇದಕ್ಕೆ ಔಷಧಿ ಮಾಡಿಸ್ಕೊಳ್ತಾ ಇದೀನಿ. ಮೊದ್ಲು ಇದು ಇರಬೇಕಂತೆ, ಆಮೇಲೆ ಸುಡ್ತಾರಂತೆ" ಎಂದಳು.

ಮದುಮಗಳು ಹೌದೇ ಎಂದು, ಇನ್ನೊಂದು ಕೈಯನ್ನು ಮುಂದೆ ಚಾಚಿದಳು.

ಮುಂದಿನ ಸಲ ಡಾಕ್ಟರಮ್ಮ ತಾವೇ ಬ್ಲೇಡು ಹಿಡಿದು, ಚರ್ಮದೊಳಗಿನ ಕೂದಲು ಉಳಿಯುವಂತೆ ಮೇಲಿನದನ್ನಷ್ಟೇ ತೆಗೆದರು. ಬಳೆಗಾರ್ತಿ ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕೂತಳು. ಬೆಳಕು ಬುಡ ಸೇರಿತು. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ, ಮತ್ತೆ ಮತ್ತೆ ಬರಬೇಕು ಎಂದರು. ಬಳೆಗಾರ್ತಿ ಹೋದಳು, ಪ್ರತಿ ಸಲವೂ ಏನನ್ನೂ ಕೀಳದೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೈಮುಗಿದು, ಅರ್ಥವಾಯಿತು ಎಂದ.

"ಹಾಗಾದರೆ ಹೇಳು, ಈ ಮಠದಲ್ಲಿ ಯಾರನ್ನು ಕಂಡರೆ ನಿನ್ನ ಹೊಟ್ಟೆ ಉರಿಯುತ್ತದೆ?"