ಅವ್ವನವರು ಬಟ್ಟಲು ಬಿಟ್ಟುಕೊಟ್ಟದ್ದು

ಅಂದು ಮಂಗಳವಾರ. ಭೀಮಾ ನದಿಯ ಆಚೆ ದಂಡೆಯ ಚಿಕ್ಕ ಮಠದ ಕಟ್ಟೆಯ ಮೇಲೆ ಮಾತೋಶ್ರೀ ಅಡಿವೆಮ್ಮನವರು ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ಮಠವೆಂದರೆ ಮಣ್ಣಿನ ಮಾಳಿಗೆಯ ಎರಡು ಕೋಣೆ, ಗುರುಗಳ ಗದ್ದಿಗೆ, ಹಿತ್ತಲಿನ ಬಾವಿ, ಇಷ್ಟೇ. ಹೊಸದಾಗಿ ಬಂದವರು ಎಷ್ಟೋ ಸಲ ಅವರನ್ನೇ "ಅವ್ವನವರು ಎಲ್ಲಿದ್ದಾರ?" ಎಂದು ಕೇಳುತ್ತಿದ್ದರು. "ಕೂಡ್ರಿ, ಬರತಾರ" ಎಂದು ಹೇಳಿ ಕುಡಿಯಲು ನೀರು ತಂದುಕೊಟ್ಟು, ಆಮೇಲೆ ಅವರೇ ಎದುರಿಗೆ ಬಂದು ಕುಳಿತುಕೊಳ್ಳುತ್ತಿದ್ದರು.

ಆ ದಿನ ಬಂದವಳು ಹೊಸಬಳಲ್ಲ. ಈಚೆ ದಂಡೆಯ ಅಂಬಿಗರ ಮರೆಪ್ಪನ ಹೆಂಡತಿ ಲಕ್ಕವ್ವ. ಮಠಕ್ಕೆ ಹೋಗುವ ಭಕ್ತರನ್ನು ತನ್ನ ಹರಗೋಲಿನಲ್ಲಿ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದವನೇ ಮರೆಪ್ಪ. ಆ ಬೇಸಿಗೆಯಲ್ಲಿ ಅವನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಸೊಲ್ಲಾಪುರದ ದೊಡ್ಡ ಆಸ್ಪತ್ರೆಯವರು ಹೊಟ್ಟೆ ತೆರೆದು ನೋಡಿ, ಹಾಗೆಯೇ ಹೊಲಿದು, ನೋವಿಗೆ ಗುಳಿಗೆ ಬರೆದುಕೊಟ್ಟು ಮನೆಗೆ ಕಳಿಸಿದ್ದರು. ಅಂದಿನಿಂದ ಅನ್ನದ ವಾಸನೆ ಬಂದರೂ ಅವನಿಗೆ ವಾಂತಿಯಾಗುತ್ತಿತ್ತು. ಲಕ್ಕವ್ವ ನುಚ್ಚು ಮಾಡಿದಳು, ಸಜ್ಜೆ ಗಂಜಿ ಮಾಡಿದಳು, ಬೆಲ್ಲದ ನೀರು ಮಾಡಿದಳು. ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಕೊನೆಗೆ ಅವನ ಅಳಿಯ ಅವನನ್ನು ಮಠಕ್ಕೆ ಕರೆದೊಯ್ದ. ಅವ್ವನವರು ಭಂಗಿಯ, ಅಂದರೆ ಗಾಂಜಾ ಗಿಡದ, ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ, ಹಸಿರು ಬಿಡುವುದು ನಿಲ್ಲುವವರೆಗೆ ನೀರಿನಲ್ಲಿ ತೊಳೆದು, ಒಣಗಿಸಿ ತುಪ್ಪದಲ್ಲಿ ಹುರಿದು, ಅದರ ಒಂದು ಚಿಟಿಕೆಯನ್ನು ಹಾಲಿನಲ್ಲಿ ಕುದಿಸಿ, ಸಣ್ಣ ಬಟ್ಟಲಲ್ಲಿ ಅವನಿಗೆ ಕುಡಿಸಿದರು. ಭಜನೆ ಮುಗಿಯುವವರೆಗೆ ಅವನು ಗೋಡೆಗೆ ಒರಗಿ ಕುಳಿತಿದ್ದ. ಮಂಗಳಾರತಿಯ ಹೊತ್ತಿಗೆ ಅವನೇ "ಯವ್ವಾ, ಒಂದೀಟು ಮಜ್ಜಿಗಿ ಅನ್ನ ಇದ್ದರ ನೋಡ್ರಿ" ಎಂದ. ಉಂಡದ್ದು ಹೊಟ್ಟೆಯಲ್ಲಿ ನಿಂತಿತು.

ಊರಿಗೆಲ್ಲ ಸಂತೋಷವಾಯಿತು. ಲಕ್ಕವ್ವನಿಗೆ ಆಗಲಿಲ್ಲ.

ಅದು ಕೆಟ್ಟ ಹೆಂಗಸಿನ ಹೊಟ್ಟೆಕಿಚ್ಚಲ್ಲ. ಮದುವೆಯಾದಂದಿನಿಂದ ಗಂಡನಿಗೆ ಬಡಿಸಿದವಳು ಅವಳು. ಅವನ ರೊಟ್ಟಿ ಎಷ್ಟು ಬೇಯಬೇಕು, ಪಲ್ಯಕ್ಕೆ ಖಾರ ಎಷ್ಟು ಬೀಳಬೇಕು ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಈಗ ತನ್ನ ಕೈಯದು ಹೊರಗೆ ಬರುತ್ತದೆ, ಇನ್ನೊಬ್ಬರ ಕೈಯದು ಒಳಗೆ ನಿಲ್ಲುತ್ತದೆ. ದಿನವೂ ಸಂಜೆ ಅವನು ಅಳಿಯನ ಹೆಗಲು ಹಿಡಿದು ಹೊಳೆಯತ್ತ ಹೊರಟಾಗ ಅವಳು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಹಿಂತಿರುಗಿದಾಗ ಅವನ ಮುಖದಲ್ಲಿ ಇರುತ್ತಿದ್ದ ನೆಮ್ಮದಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಆ ನೆಮ್ಮದಿ ತನ್ನ ಮನೆಯಲ್ಲಿ ಹುಟ್ಟಿದ್ದಲ್ಲ.

ಪಕ್ಕದ ಮನೆಯ ಸಂಗವ್ವ ಸುಮ್ಮನಿರುವವಳಲ್ಲ. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವಾಗ, "ಏನ ಲಕ್ಕವ್ವ, ನಿನ್ನ ಗಂಡ ನಿನ್ನೆ ಮಠದಾಗ ಎರಡ ಸಲ ಅನ್ನ ಹಾಕಿಸಿಕೊಂಡನಂತ! ನಿನ್ನ ಕೈಯಾಗ ಅಷ್ಟು ಉಪ್ಪಿಲ್ಲೇನ?" ಎಂದಳು.

"ಉಪ್ಪು ಅದ. ಅಮಲು ಇಲ್ಲ" ಎಂದಳು ಲಕ್ಕವ್ವ. "ಸಾಧುಗಳು ಕುಡಿಯೋ ಭಂಗಿ ಅದು. ಅದಕ್ಕ ಪ್ರಸಾದ ಅಂತ ಹೆಸರಿಟ್ಟಾರ."

ಆ ಮಾತಿಗೆ ಬುಡವಿಲ್ಲದಿರಲಿಲ್ಲ. ಹಿಂದಿನ ಗುರುಗಳ ಕಾಲದಲ್ಲಿ ಮಠದಲ್ಲಿ ದಿನವೂ ಭಂಗಿಯ ಪಾನಕ ಹಂಚುತ್ತಿದ್ದರು. ಬಂದ ಸಾಧುಗಳೂ ಭಕ್ತರೂ ಕುಡಿಯುತ್ತಿದ್ದರು. ಅವ್ವನವರ ಜೊತೆಗೇ ದೀಕ್ಷೆ ಪಡೆದ ಶಂಕ್ರಯ್ಯ ಎಂಬವರು ಹರೆಯದಲ್ಲೇ ಅದಕ್ಕೆ ಒಗ್ಗಿಹೋದರು. ಮೊದಲು ಪಾಠ ಮರೆತರು. ಬರಬರುತ್ತ ಯಾರೋ ತಮಗೆ ವಿಷ ಹಾಕುತ್ತಿದ್ದಾರೆಂದು ಊಟ ಬಿಟ್ಟರು. ಒಂದು ದಿನ ಎದ್ದು ಹೋದವರು ಮತ್ತೆ ಸಿಗಲಿಲ್ಲ. ಗದ್ದಿಗೆಯ ಹೊಣೆ ತಮ್ಮ ಮೇಲೆ ಬಿದ್ದ ದಿನವೇ ಅವ್ವನವರು ಆ ಪಾನಕವನ್ನು ನಿಲ್ಲಿಸಿದರು. ಹಿತ್ತಲಿನ ಮೂಲೆಯಲ್ಲಿ ಕೆಲವು ಗಿಡಗಳನ್ನು ಮಾತ್ರ, ತಡೆಯಲಾಗದ ನೋವಿನವರಿಗೆಂದು ಉಳಿಸಿಕೊಂಡರು. ಒಮ್ಮೆ ಗಟ್ಟಿಮುಟ್ಟಾದ ಭಕ್ತನೊಬ್ಬ ಬಂದು, "ಅವ್ವಾ, ಒಂದು ಬಟ್ಟಲು ಕೊಟ್ಟರ ಧ್ಯಾನ ಛಲೋ ಕೂಡತದಂತ" ಎಂದು ಕೇಳಿದಾಗ, "ಧ್ಯಾನ ಕೂಡತದ. ನೀ ಕೂಡವಲ್ಲಿ. ಹೋಗಿ ಬಾವಿ ನೀರು ಸೇದು" ಎಂದು ಹಗ್ಗ ಕೊಟ್ಟು ಕಳಿಸಿದ್ದರು.

ಲಕ್ಕವ್ವನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಮಂಗಳವಾರ ಮುಂಜಾನೆ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಕಟ್ಟೆಯೆದುರು ಬಂದು ನಿಂತಳು. ನಮಸ್ಕಾರ ಮಾಡಲಿಲ್ಲ.

"ಅವ್ವನವರ, ಒಂದು ಮಾತು ಕೇಳತೀನ್ರಿ. ಹಾಲು ಕುಡಿಸಿದ ಕೂಡಲೇ ಅವನನ್ನ ಮನಿಗೆ ಕಳಿಸಬಾರದೇನ್ರಿ? ಭಜನಿ ಮುಗಿಯೋ ತನಕ ಯಾಕ ಕೂಡಿಸಿಕೊಳ್ಳತೀರಿ?"

"ಕುಂತರ ಛಲೋ ಅಂತ, ತಂಗಿ."

"ಯಾರಿಗೆ ಛಲೋ? ನಿಮಗೋ, ಅವನಿಗೋ?"

ಅವ್ವನವರು ಮೊರವನ್ನು ಕೆಳಗಿಟ್ಟರು. ಒಂದು ಗಳಿಗೆ ಅವಳ ಮುಖ ನೋಡಿದರು. "ನೀನೂ ಬಾ, ಇವತ್ತ ಸಂಜಿಗೆ. ಜೋಡಿ ಕೂಡು" ಎಂದರು.

"ನನ್ನ ಗಂಡ ಇನ್ನೊಬ್ಬರ ಕೈಲೆ ಉಣ್ಣೋದು ನೋಡಲಿಕ್ಕ ನಾ ಬರಬೇಕೇನ್ರಿ?" ಎಂದು ಲಕ್ಕವ್ವ ತಿರುಗಿದಳು. ಹೊಳೆಗೆ ಇಳಿಯುವ ದಾರಿ ಹಿತ್ತಲಿನ ಬೇಲಿಯ ಪಕ್ಕದಲ್ಲೇ ಇತ್ತು. ಗಿಡಗಳು ಕೈಗೆ ಎಟುಕುವಂತಿದ್ದವು. ಗಂಡನಿಗೆ ತಾನೇ ಒಳ್ಳೆಯದನ್ನು ಮಾಡಿ ಕೊಡಬೇಕು ಎಂಬ ಆಸೆಯಿಂದ, ಜೋಳದ ಹೊಲದಲ್ಲಿ ಬೀಜದ ತೆನೆ ಆರಿಸುವವರಂತೆ, ಅವಳು ಎಲೆಗಳನ್ನು ಬಿಟ್ಟು ತುದಿಯ ಅಂಟುಅಂಟಾದ ಹೂವಿನ ತೆನೆಗಳನ್ನು ಚಿವುಟಿ ಬುಟ್ಟಿಗೆ ಹಾಕಿಕೊಂಡಳು. ಅಮಲಿನ ಶಕ್ತಿಯೆಲ್ಲ ಆ ತುದಿಯಲ್ಲೇ ಇರುತ್ತದೆ ಎಂಬುದು ಅವಳಿಗೆ ತಿಳಿದಿರಲಿಲ್ಲ.

ಮನೆಗೆ ಬಂದವಳೇ ಒಲೆ ಹೊತ್ತಿಸಿದಳು. ತೊಳೆದರೆ ಗುಣ ಹೋದೀತೆಂದು ತೊಳೆಯಲಿಲ್ಲ. ತೆನೆಗಳನ್ನು ಹಾಗೆಯೇ ಹಾಲಿನಲ್ಲಿ ಕುದಿಸಿ, ಸೋಸಿ, ಬೆಲ್ಲ ಹಾಕಿ ತಂದು, "ಇವತ್ತ ಆ ದಂಡಿಗೆ ಹೋಗೋದು ಬ್ಯಾಡ. ತಗೋ, ನಾನೇ ಮಾಡೀನಿ" ಎಂದಳು.

ಮರೆಪ್ಪ ಅವಳ ಮುಖ ನೋಡಿದ. "ಅವ್ವನವರು ಕೊಟ್ಟರೇನು?"

"ಯಾಕ, ಅವರ ಹೆಸರು ಹೇಳದಿದ್ದರ ಗಂಟಲಾಗ ಇಳಿಯೂದಿಲ್ಲೇನು?"

ಅವನು ಬಟ್ಟಲು ತೆಗೆದುಕೊಂಡು ಕುಡಿದ. ಲಕ್ಕವ್ವ ರೊಟ್ಟಿ ಬಡಿಯುತ್ತ ಅವನನ್ನೇ ನೋಡುತ್ತಿದ್ದಳು. ಹಸಿವು ಎನ್ನಲಿಲ್ಲ, ಹೊಟ್ಟೆ ಹಿಡಿದುಕೊಂಡೇ ಇದ್ದ. ಕೊನೆಯ ರೊಟ್ಟಿ ಹಂಚಿನಿಂದ ಇಳಿಯಿತು. ಆಗಲೂ ಏನೂ ಆಗಲಿಲ್ಲ. ಮಠದ ಬಟ್ಟಲಿಗೆ ಇರುವ ಗುಣ ತನ್ನ ಬಟ್ಟಲಿಗೆ ಇಲ್ಲವೆಂಬ ಮಾತನ್ನು ಅವಳು ತಾಳಲಾರದೆ ಹೋದಳು. ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಬಸಿದು ಮತ್ತೊಮ್ಮೆ ಕುಡಿಸಿದಳು.

ಕುಡಿದ ಭಂಗಿ ಮೈಗೆ ಹತ್ತಲು ಹೊತ್ತು ಹಿಡಿಯುತ್ತದೆ. ಹತ್ತಿದಾಗ ಎರಡೂ ಬಟ್ಟಲುಗಳು ಒಟ್ಟಿಗೇ ಹತ್ತಿದವು. ಮರೆಪ್ಪನ ಎದೆ ಹೊರಗೆ ಕಾಣುವಂತೆ ಹೊಡೆದುಕೊಳ್ಳತೊಡಗಿತು. ನಾಲಿಗೆ ಒಣಗಿತು. ಗೋಡೆಯ ಮೂಲೆಗೆ ಸರಿದು ಮುದುಡಿ ಕುಳಿತ. ಲಕ್ಕವ್ವ ನೀರು ತಂದಾಗ ಚೊಂಬನ್ನು ತಳ್ಳಿ, "ಯಾರವ್ವ ನೀನು? ನನ್ನ ಹೆಂಡತಿ ಎಲ್ಲಿ? ಲಕ್ಕವ್ವನ್ನ ಕರೀರಿ!" ಎಂದು ಕೂಗಿದ.

ಕೂಗು ಕೇಳಿ ಓಡಿಬಂದ ಸಂಗವ್ವನಿಗೆ ಗಂಡನನ್ನು ಒಪ್ಪಿಸಿ ಲಕ್ಕವ್ವ ಹೊಳೆಗೆ ಓಡಿದಳು. ಅಳಿಯ ಸಂತೆಗೆ ಹೋಗಿದ್ದ. ಗಂಡನ ಹರಗೋಲನ್ನು ತಾನೇ ನೀರಿಗೆ ನೂಕಿ, ಹುಟ್ಟು ಹಾಕಿ, ಆಚೆ ದಂಡೆ ಸೇರಿದಳು. ಅವ್ವನವರು ಇನ್ನೂ ಕಟ್ಟೆಯ ಮೇಲೆಯೇ ಇದ್ದರು. ಇವಳ ಮುಖ ಕಂಡವರೇ ಎದ್ದು ಬಂದು ಹರಗೋಲಿನಲ್ಲಿ ಕುಳಿತರು. ನಡುಹೊಳೆಯಲ್ಲಿ ಕೇಳಿದರು:

"ಎಲಿಯೋ, ತೆನಿಯೋ?"

"ತೆನಿ, ಅವ್ವಾ."

"ಎಷ್ಟು ಸಲ?"

"ಎರಡು. ಮೊದಲಿಂದು ಹತ್ತಲಿಲ್ಲ ಅಂತ..." ಎಂದು ಅವಳು ಅಳತೊಡಗಿದಳು. "ನಿಮ್ಮ ಮ್ಯಾಲಿನ ಸಿಟ್ಟಿಗೆ ಮಾಡಿದೆ. ಅವನು ಸತ್ತರ ನಾನೇ ಕೊಂದಂಗ."

"ಹುಟ್ಟು ಹಾಕು" ಎಂದರು ಅವ್ವನವರು.

ಮನೆಯಲ್ಲಿ ಅವರು ಮಾಡಿದ್ದು ಬಹಳವೇನಲ್ಲ. ನೆರೆದವರನ್ನು ಹೊರಗೆ ಕಳಿಸಿದರು. ಬಿಸಿಲು ಕಣ್ಣಿಗೆ ಬೀಳದಂತೆ ಬಾಗಿಲಿಗೆ ಕೌದಿ ಕಟ್ಟಿಸಿದರು. ಮರೆಪ್ಪನನ್ನು ಮಗ್ಗುಲಾಗಿ ಮಲಗಿಸಿ, ತುಟಿಗೆ ಒದ್ದೆ ಬಟ್ಟೆ ಒತ್ತಿ, ಉಸಿರಿನ ಮೇಲೆ ಗಮನವಿಟ್ಟು ಪಕ್ಕದಲ್ಲಿ ಕುಳಿತರು. "ಮರೆಪ್ಪಾ, ಇದು ಗಿಡದ ಆಟ. ಇಳೀತದ. ನಿನಗೇನೂ ಆಗೂದಿಲ್ಲ" ಎಂದು ಅವನಿಗೆ ಆಗಾಗ ಹೇಳುತ್ತಿದ್ದರು. ಮೂಲೆಯಲ್ಲಿ ನಿಂತಿದ್ದ ಲಕ್ಕವ್ವನನ್ನು ಕರೆದು ಅವನ ಕೈಯನ್ನು ಅವಳ ಕೈಯಲ್ಲಿಟ್ಟರು.

"ನನ್ನ ಗುರುತು ಇಲ್ಲ ಅವನಿಗೆ" ಎಂದಳು ಅವಳು.

"ಕರೆಯೋದು ನಿನ್ನನ್ನೇ. ಕೇಳವಲ್ಲದೇನು?"

ನಿಜವಾಗಿಯೂ ಮರೆಪ್ಪ ಕಣ್ಣು ಮುಚ್ಚಿಕೊಂಡೇ ಲಕ್ಕವ್ವ, ಲಕ್ಕವ್ವ ಎನ್ನುತ್ತಿದ್ದ. ಅವಳು ಅಷ್ಟು ಹೊತ್ತು ಅದನ್ನು ಕೇಳಿರಲಿಲ್ಲ.

ಹೊತ್ತು ಇಳಿಯುವ ವೇಳೆಗೆ ಎದೆಯ ಬಡಿತ ತಗ್ಗಿತು. ಅವನು ಕಣ್ಣು ತೆರೆದು, ಎದುರಿಗಿದ್ದ ಹೆಂಡತಿಯನ್ನು ನೋಡಿ, "ಎಲ್ಲಿಗೆ ಹೋಗಿದ್ದಿ?" ಎಂದು ಕೇಳಿ ಮತ್ತೆ ನಿದ್ದೆಹೋದ.

ಆಗ ಲಕ್ಕವ್ವ ಅವ್ವನವರ ಪಾದಗಳ ಮೇಲೆ ಬಿದ್ದಳು. "ಇನ್ನ ಅವನನ್ನ ನಿಮ್ಮ ಮಠದಾಗೇ ಇಟ್ಟುಕೋರಿ. ನನ್ನ ಕೈ ಪಾಪದ್ದು" ಎಂದಳು.

ಅವ್ವನವರು ಅವಳನ್ನು ಎಬ್ಬಿಸಿ ಕೂರಿಸಿದರು. "ಎಲಿಗೆ ನನ್ನ ಕೈ ಯಾವುದು, ನಿನ್ನ ಕೈ ಯಾವುದು ಗೊತ್ತಿಲ್ಲ, ತಂಗಿ. ಅದು ಹೊತ್ತು ಕೇಳತದ. ಭಜನಿ ಮುಗಿಯೋ ತನಕ ಕೂಡಿಸತಿದ್ದದ್ದು ಅದಕ್ಕ" ಎಂದರು. ಒದ್ದೆ ಬಟ್ಟೆಯನ್ನು ಹಿಂಡಿ ಇಟ್ಟು, "ಇದರಿಂದ ಗಡ್ಡೆ ಕರಗೂದಿಲ್ಲ. ದವಾಖಾನಿ ಗುಳಿಗಿ ಬಿಡಿಸಬ್ಯಾಡ. ಅವನು ಇರೋ ತನಕ ನಾಲ್ಕು ತುತ್ತು ಉಂಡು ಮಲಗಲಿ, ಅಷ್ಟೇ. ಈ ಅಮಲು ಪೂರಾ ಇಳಿದು ಮೈ ಸುಧಾರಿಸಿದ ಮ್ಯಾಲ ಬಟ್ಟಲು ನೀನೇ ಹಿಡಿ. ನಾ ತೋರಸತೀನಿ" ಎಂದರು.

ಮರೆಪ್ಪ ಸುಧಾರಿಸಿಕೊಂಡ ಮೇಲೆ ಅವ್ವನವರು ದಿನವೂ ಸಂಜೆ ತಾವೇ ಹೊಳೆ ದಾಟಿ ಬಂದು, ಎಲೆ ತೊಳೆಯುವುದರಿಂದ ಚಿಟಿಕೆಯ ಅಳತೆಯವರೆಗೆ ಎಲ್ಲವನ್ನೂ ಅವಳಿಗೆ ಕಲಿಸಿದರು. ಲಕ್ಕವ್ವ ಬಟ್ಟಲು ಹಿಡಿಯುವಾಗ ಅವರು ಬಾಗಿಲಾಚೆ ಕುಳಿತಿರುತ್ತಿದ್ದರು. ಅವಳಿಗೆ ಕೈ ಕುದುರಿತು ಎಂದು ಖಚಿತವಾದ ಮೇಲೆ ಬರುವುದನ್ನು ನಿಲ್ಲಿಸಿದರು. ಮರೆಪ್ಪ ಅವರ ಬಗ್ಗೆ ಕೇಳಿದಾಗ, "ಅವ್ವನವರು ಹ್ಯಾಂಗಿದ್ದಾರೋ, ನಾಳೆ ನಾವೇ ಹೋಗಿಬರೂಣು" ಎಂದವಳು ಲಕ್ಕವ್ವನೇ.

ಗಂಡ ತೀರಿಕೊಂಡ ಮೇಲೆ ಅವಳು ಮಠದ ಸೇವೆಗೆ ನಿಂತಳು. ನೋವಿನವರಿಗೆ ಹಾಲು ಕಾಸುವ ಕೆಲಸ ಅವಳದಾಯಿತು. ಕಾಸಿದ ಹಾಲನ್ನು ಅವಳು ರೋಗಿಗೆ ಕೊಡುತ್ತಿರಲಿಲ್ಲ. ಜೊತೆಗೆ ಬಂದ ಹೆಂಡತಿಗೋ ಮಗಳಿಗೋ ಅಣ್ಣನಿಗೋ ಕೊಟ್ಟು, ತಾನು ಹಿಂದೆ ಸರಿದು ಭಜನೆಗೆ ಕೂರುತ್ತಿದ್ದಳು.

ಮರೆಪ್ಪ ತೀರಿಕೊಂಡದ್ದು ದೀಪಾವಳಿಯ ಹಿಂದಿನ ವಾರ. ಆ ಬೆಳಿಗ್ಗೆ ಅವನು ಅರ್ಧ ಬಾಳೆಹಣ್ಣು ತಿಂದಿದ್ದ. ಉಳಿದರ್ಧವನ್ನು ಲಕ್ಕವ್ವ ತಿಂದಿದ್ದಳು.