ಎಂಟು ಮರಿಗಳ ಕೊಂಬೆ

ತಪಾಸಣೆಗೆ ಬಂದ ಕರಡಿ ಸಾಹೇಬರ ಮುಂದೆ ಮುಸುವ ಮೇಷ್ಟ್ರು ಏಳನೇ ತರಗತಿಯ ಕೋತಿಮರಿಗಳಿಗೆ ಲೆಕ್ಕ ಹೇಳಿದರು: "ಹೊಳೆಯ ಮೇಲೆ ಚಾಚಿರುವ ಈ ಕೊಂಬೆ ಎಂಟು ಮರಿಗಳ ಭಾರ ತಡೆಯುತ್ತದೆ. ಅದರ ಮೇಲೆ ಐದು ಕೂತಿವೆ ಅಂದುಕೊಳ್ಳಿ. ಇನ್ನೂ ಆರು ಬಂದರೆ ಒಟ್ಟು ಎಷ್ಟು?"

"ಹನ್ನೊಂದು ಸಾರ್," ಎಂದವು ಮರಿಗಳು. 'ಒಟ್ಟು' ಎಂದಿದ್ದರೆ ಕೂಡು, 'ಉಳಿದದ್ದು' ಎಂದಿದ್ದರೆ ಕಳೆ. ಮೇಷ್ಟ್ರು ವರ್ಷವಿಡೀ ಕಲಿಸಿದ್ದು ಅಷ್ಟೇ.

ಚೋಮಿ ಎಂಬ ಮರಿ ಎದ್ದು ನಿಂತಳು. "ಸಾರ್, ಕೊಂಬೆ ತಡೆಯೋದು ಎಂಟನ್ನೇ ಅಲ್ವಾ?"

"ಒಟ್ಟು ಅಂತ ಕೇಳಿದೆ. ಎಂಟು ಯಾಕೆ ಬೇಕು ನಿನಗೆ?"

"ಬೀಳ್ತೀವಿ ಸಾರ್."

"ಬೀಳೋದು ಪಾಠದಲ್ಲಿಲ್ಲ. ಕೂಡೋಕೆ ಬರದಿದ್ದರೂ ನೂರೆಂಟು ಪ್ರಶ್ನೆ ಬರ್ತದೆ. ಕೂತ್ಕೋ."

ತರಗತಿ ನಕ್ಕಿತು.

ಸಾಹೇಬರಿಗೆ ಮೆಚ್ಚುಗೆಯಾಯಿತು. "ಬಾಯಲ್ಲಿ ಹೇಳಿದರೆ ಸಾಲದು ಮೇಷ್ಟ್ರೇ. ಈಗೆಲ್ಲ ಚಟುವಟಿಕೆಯಿಂದ ಕಲಿಸಬೇಕು. ಮಾಡಿ ತೋರಿಸಲಿ."

ಮೇಷ್ಟ್ರು ತರಗತಿಯ ಹನ್ನೊಂದು ಮರಿಗಳನ್ನೂ ಕೊಂಬೆಗೆ ಹತ್ತಿಸಿದರು. ಚೋಮಿ ಹಿಂಜರಿದಾಗ ತಾವೇ ತಳ್ಳಿದರು.

ಕೊಂಬೆ ಮುರಿಯಿತು. ತುಂಬಿದ ಹೊಳೆ ಎಲ್ಲ ಮರಿಗಳನ್ನೂ ಕೊಚ್ಚಿಕೊಂಡು ಹೋಯಿತು.

ಉತ್ತರ ಸರಿಯಾಗಿದೆ ಎಂದು ಬರೆದುಕೊಂಡು ಸಾಹೇಬರು ಮುಂದಿನ ಶಾಲೆಗೆ ಹೊರಟರು.