ಹೆಸರಿಡದ ಕೂಸಿನ ವಂಶ

ಹುಲಗಪ್ಪಜ್ಜ ಹೆಳವ. ಎತ್ತಿನ ಮೇಲೆ ಕುಳಿತು ಊರೂರು ತಿರುಗುತ್ತಿದ್ದ. ಮನೆಗಳ ಮುಂದೆ ನಿಂತು ಆಯಾ ಮನೆತನದ ಹಿರಿಯರ ಹೆಸರುಗಳನ್ನು ಬಾಯಿಪಾಠವಾಗಿ ಹಾಡುವುದು ಅವನ ಕಸುಬು. ಯಮನೂರ ಅವನ ಶಿಷ್ಯ.

ಒಂದು ಮುಂಜಾನೆ, ಹೊಳೆಯಾಚೆಯ ಊರಿನಲ್ಲಿ, ಅಜ್ಜ ಎತ್ತಿನಿಂದ ಇಳಿದ.

"ಇವತ್ತು ನೀನು ಹತ್ತು. ನೀನೇ ಹಾಡು."

ಯಮನೂರ ಎತ್ತು ಹತ್ತಿ, ಒಂದು ಮನೆಯ ಮುಂದೆ ನಿಲ್ಲಿಸಿದ. ಆ ಮನೆತನದ ಮೂಲಪುರುಷ ಬಾಳನಗೌಡನಿಂದ ಹಿಡಿದು ಈಗಿನ ಯಜಮಾನ ಶರಣಗೌಡನವರೆಗೆ ಒಂದು ಹೆಸರೂ ತಪ್ಪದೆ ಹಾಡಿ ಮುಗಿಸಿದ.

ಶರಣಗೌಡನ ಹೆಂಡತಿ ಫಕೀರವ್ವ ಮೊರದಲ್ಲಿ ಜೋಳ ತಂದಳು. ಸುರಿಯದೆ ಹಾಗೇ ನಿಂತಳು.

"ತಮ್ಮಾ, ನನ್ನ ಮಗಳು ಹಾಡಿನೊಳಗೆ ಬರಲೇ ಇಲ್ಲವಲ್ಲ."

"ಯಾವ ಮಗಳವ್ವಾ?"

"ಹೋದ ಸುಗ್ಗಿಯಲ್ಲಿ ಹುಟ್ಟಿದಳು. ಅಳಲಿಲ್ಲ. ಹುಟ್ಟುತ್ತಲೇ ಹೋದಳು."

"ಹೆಸರೇನು?"

"ತೊಟ್ಟಿಲಿಗೆ ಹಾಕಿದ್ದರೆ ತಾನೇ ಹೆಸರು?"

ಯಮನೂರ ತಡವರಿಸಿದ. "ಹೆಸರಿಲ್ಲದವರನ್ನು ಹಾಡುವ ಪದ್ಧತಿ ಇಲ್ಲವ್ವಾ."

ಫಕೀರವ್ವ ಮೊರವನ್ನು ಹಿಂದಕ್ಕೆ ಎಳೆದುಕೊಂಡಳು. ನಾಲ್ಕು ಕಾಳು ನೆಲಕ್ಕೆ ಬಿದ್ದವು.

ಎತ್ತಿನ ಹಗ್ಗ ಹಿಡಿದು ನಿಂತಿದ್ದ ಅಜ್ಜ ಕೇಳಿದ: "ಏನೋ, ಬಾಳನಗೌಡನನ್ನು ಹೆತ್ತವಳು ಯಾರು?"

"ಆಕೆಯ ಹೆಸರು ಯಾರಿಗೂ ಗೊತ್ತಿಲ್ಲಜ್ಜಾ."

"ಹಂಗಾದರೆ ಬಾಳನಗೌಡ ಹೊಳೆಯಲ್ಲಿ ತೇಲಿಕೊಂಡು ಬಂದನೇನು?"

ಫಕೀರವ್ವನ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು. ಯಮನೂರ ತಲೆ ತಗ್ಗಿಸಿದ.

"ಎತ್ತಿನ ಕಿವಿ ನೋಡಿಕೊಂಡು ಎಷ್ಟು ಹೊತ್ತು ಕೂರ್ತೀ? ಮತ್ತೆ ಹಾಡು."

ಯಮನೂರ ಹಾಡಿದ. ಈ ಸಲ, ಹೆಸರು ತಿಳಿಯದ ಆ ಮೊದಲ ತಾಯಿಯಿಂದ ಶುರು ಮಾಡಿದ. ಅವಳ ಮಗ, ಅವನ ಮಗ, ಸೊಸೆಯರು, ಮೊಮ್ಮಕ್ಕಳು. ಕೊನೆಗೆ ದನಿ ತಗ್ಗಿಸಿ, "ಶರಣಗೌಡನ ಮಗಳು, ಫಕೀರವ್ವನ ಚೊಚ್ಚಲ ಕೂಸು" ಎಂದು ನಿಲ್ಲಿಸಿದ.

ಫಕೀರವ್ವ ಜೋಳ ಸುರಿದಳು. ಒಳಗೆ ಹೋಗಿ ಕೂಸಿನ ತಲೆಗೆ ಹಾಕುವ ಒಂದು ಕೆಂಪು ಕುಲಾವಿ ತಂದಳು.

"ಅವಳಿಗೆಂದು ಹೊಲಿದದ್ದು" ಎಂದು ಅದನ್ನು ಎತ್ತಿನ ಕೊಂಬಿಗೆ ತೊಡಿಸಿದಳು.

ಹೊಳೆ ದಾಟುವಾಗ ಯಮನೂರ ಬಹಳ ಹೊತ್ತು ಆ ಕುಲಾವಿಯನ್ನೇ ನೋಡುತ್ತಿದ್ದ.

"ಅಜ್ಜಾ, ಇವತ್ತು ತಾಯಿಯ ಸಮಾಧಾನಕ್ಕೆ ಹಾಡಿದೆವು, ಸರಿ. ಮುಂದಿನ ಸಲ ಬಂದಾಗಲೂ ಆ ಕೂಸನ್ನು ಹಾಡಬೇಕೇ?"

ಅಜ್ಜ ನೀರಿನ ನಡುವೆ ಎತ್ತನ್ನು ನಿಲ್ಲಿಸಿದ.

"ಅಷ್ಟರಲ್ಲಿ ಆ ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿದರೆ, ಅದಕ್ಕೆ ಅಕ್ಕ ಯಾರು ಅಂತ ಹಾಡ್ತೀಯೋ ಮಗನೇ?"